ಚೆನ್ನಾಗಿದ್ದೀನಿ ಎನ್ನುವ ಮಗು

ಒಂದು ಚೀಲ ಇದ್ದಿಲಿಗೆ ಅರ್ಧ ದಿನದ ಇಸ್ತ್ರಿ ಕೂಲಿ ಹೋಗುತ್ತದೆ. ಮಗುವಿನ ಶಾಲೆಯ ಶೂಗಳಿಗೆ ಎರಡು ದಿನದ್ದು. ಬಾಡಿಗೆಗೆ ತಿಂಗಳಲ್ಲಿ ಹತ್ತು ದಿನ ದುಡಿಯಬೇಕು. ಹೀಗೆ ಕೂಡಿಸಿ ಕಳೆದು ನೋಡಿದಾಗ, ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾದರೆ ಹಗುರವಾದೀತು ಎಂದು ಬೀದಿ ಕೊನೆಯ ಇಸ್ತ್ರಿಯವನಿಗೆ ಅನ್ನಿಸಿತು.

ಹಿಂದೆ ಅವನಿಗೆ ಇಸ್ತ್ರಿಗೆ ಬಟ್ಟೆ ಕೊಡುತ್ತಿದ್ದ ಅಮ್ಮನವರೊಬ್ಬರು ನಗರದ ಆಚೆ ತುದಿಯಲ್ಲಿ ದೊಡ್ಡ ಮನೆ ಕಟ್ಟಿಸಿದ್ದರು. ಕೂಸನ್ನು ಆಡಿಸಲಿಕ್ಕೆ ಒಂದು ಹುಡುಗಿ ಬೇಕು, ಶಾಲೆಗೂ ಸೇರಿಸುತ್ತೇವೆ ಎಂದರು. ಅವನು ಹನ್ನೊಂದು ವರ್ಷದ ಹಿರಿಮಗಳನ್ನು ಕಳಿಸಿಕೊಟ್ಟ. ಇಸ್ತ್ರಿಯಲ್ಲಿ ನನ್ನನ್ನೇ ಮೀರಿಸುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಯೂ ಇದ್ದ. ಹೋಗುವ ದಿನ ತಾಯಿ ಮಗಳ ಜಡೆ ಹೆಣೆಯುತ್ತಾ, ಅವರು ಏನಂದರೂ ಎದುರಾಡಬೇಡ, ಕೇಳಿದರೆ ಚೆನ್ನಾಗಿದ್ದೀನಿ ಅನ್ನು ಎಂದು ಬುದ್ಧಿ ಹೇಳಿದ್ದಳು.

ಒಂದು ವರ್ಷವಾಯಿತು. ಈಗ ಅಮ್ಮನವರ ತಂಗಿಯ ಮನೆಗೆ ಕಿರಿಮಗಳು ಬೇಕಂತೆ. ಸೋಮವಾರ ಕಾರು ಬರುವುದಿತ್ತು.

ಶನಿವಾರ ಹಿರಿಮಗಳ ಫೋನು ಬಂದಾಗ ಬಟ್ಟೆ ಕೊಡಲು ಬಂದಿದ್ದ ಅದೇ ಬೀದಿಯ ತಕರಾರು ಅಜ್ಜಿ ಇಸ್ತ್ರಿ ಅಂಗಡಿಯಲ್ಲೇ ಇದ್ದಳು. ಆ ಹೆಸರು ಬೀದಿಯವರು ಇಟ್ಟದ್ದು. ಶಾಲೆಯಲ್ಲಿ ಬಡವರ ಮಗುವಿಗೆ ಜಾಗ ಇಲ್ಲವೆಂದರೆ ಅಲ್ಲಿ ತಕರಾರು. ಆಸ್ಪತ್ರೆಯಲ್ಲಿ ಕೂಲಿಯವಳ ಕೂಸನ್ನು ಹೊರಗೆ ಮಲಗಿಸಿದರೆ ಅಲ್ಲಿಯೂ ತಕರಾರು. ಅಜ್ಜಿಯ ತಲೆ ನರೆತದ್ದೇ ಇದರಲ್ಲಿ.

ಎಲ್ಲರಿಗೂ ಕೇಳುವಂತೆ ಇಟ್ಟ ಫೋನಿನಲ್ಲಿ ಹುಡುಗಿ, "ಚೆನ್ನಾಗಿದ್ದೀನಮ್ಮ" ಎಂದಳು. ಊಟ ಆಯ್ತಾ ಎಂದು ತಾಯಿ ಕೇಳಿದರೆ ಆಯ್ತು. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ. ಫೋನು ಇಟ್ಟಳು.

ಅಜ್ಜಿ ಬಟ್ಟೆಯ ಗಂಟನ್ನು ಕೆಳಗಿಟ್ಟಳು. "ತಂಗಿ ಬಗ್ಗೆ ಕೇಳಲೇ ಇಲ್ವಲ್ಲೋ ನಿನ್ನ ಮಗಳು."

"ದೊಡ್ಡವಳಾಗಿದ್ದಾಳೆ ಅಜ್ಜಿ. ಯಾವ ದೂರೂ ಇಲ್ಲ ಅವಳದ್ದು."

"ಅದೇ ನನಗೆ ಭಯ. ಚೆನ್ನಾಗಿರೋ ಮಗು ದೂರು ಹೇಳುತ್ತೆ. ಸೊಳ್ಳೆ ಕಚ್ಚಿತು ಅನ್ನುತ್ತೆ, ಮೇಷ್ಟ್ರು ಬೈದ್ರು ಅನ್ನುತ್ತೆ."

ಅವನಿಗೆ ಸಿಟ್ಟು ಬಂತು. "ನಿಮಗೆ ಹಾಲಲ್ಲೂ ಹುಳ ಕಾಣುತ್ತೆ. ಅಷ್ಟು ಮರ್ಯಾದಸ್ಥರು ಅವರು."

"ನಾನೂ ಚಿಕ್ಕವಳಿದ್ದಾಗ ಮರ್ಯಾದಸ್ಥರ ಮನೇಲೇ ಪಾತ್ರೆ ತಿಕ್ಕಿದ್ದು ಕಣೋ. ನಮ್ಮಪ್ಪ ಬಂದಾಗಲೆಲ್ಲ ಚೆನ್ನಾಗಿದ್ದೀನಿ ಅಂತಲೇ ಅಂದೆ. ಹೌದು ಅಂತ ನಂಬಿ ಹೋಗ್ತಿದ್ದ."

ತಾಯಿಯ ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ಆ ರಾತ್ರಿ ಅವಳಿಗೆ ಬೇಡದ ಯೋಚನೆಗಳೇ ಬಂದವು. ಹೋಗಿ ಕೇಳಿದರೆ ಅವರು ಕೋಪಿಸಿಕೊಂಡಾರು. ಕೇಳದಿದ್ದರೆ? ಬೆಳಗಾಗುತ್ತಲೇ ಹೋಗಿ ನೋಡೋಣ ಎಂದು ಹಟ ಹಿಡಿದಳು. ಅಜ್ಜಿಯ ಬಾಯಿ ಮುಚ್ಚಿಸಿದ ಹಾಗಾಗಲಿ ಎಂದು ಗಂಡನೂ ಹೊರಟ. ಜೊತೆಗೆ ಹೊರಟ ಅಜ್ಜಿ ಅದಕ್ಕೂ ಮೊದಲು ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ಆ ಮನೆಯ ವಿಳಾಸ ಕೊಟ್ಟಳು.

ಅಮ್ಮನವರು ನಗುತ್ತಲೇ ಕೂರಿಸಿದರು, ನೀರು ಕೊಟ್ಟರು. ಹುಡುಗಿ ಬಂದು ಗೋಡೆಗೆ ಬೆನ್ನು ಒತ್ತಿ ನಿಂತಳು. ಚೆನ್ನಾಗಿದ್ದೀನಿ ಎಂದಳು. ಹೇಳುವಾಗ ನೋಡಿದ್ದು ಅಮ್ಮನವರನ್ನು.

"ಮಗು ಮಲಗೋ ಜಾಗ ಒಂದ್ಸಲ ತೋರಿಸ್ತೀರಾ ಅಮ್ಮ?" ಎಂದಳು ಅಜ್ಜಿ. ಎಲ್ಲಿ ಹೋದರೂ ಅವಳು ಮೊದಲು ಕೇಳುವುದು ಅದನ್ನೇ.

ಅಮ್ಮನವರು ಏಳಲಿಲ್ಲ. ತಾಯಿಯೇ ಮಗಳ ಕೈ ಹಿಡಿದು ಒಳಗೆ ನಡೆದಳು. ಮೆಟ್ಟಿಲ ಕೆಳಗೆ, ಕೊಳೆ ಬಟ್ಟೆಯ ಬುಟ್ಟಿಗಳ ನಡುವೆ ಒಂದು ಚಾಪೆ. ಆ ಗೂಡಿನ ಬಾಗಿಲಿಗೆ ಚಿಲಕ ಹೊರಗಡೆ ಇತ್ತು. ಹುಡುಗಿ ಚಾಪೆ ಸರಿಸಲು ಬಗ್ಗಿದಾಗ ಅಂಗಿ ಮೇಲೆ ಸರಿದು ಬೆನ್ನು ಕಂಡಿತು. ಒಂದು ಕಡೆ ಚೂಪಾದ, ಕಂದು ಬಣ್ಣದ ಗುರುತು.

"ಇಸ್ತ್ರಿ ಮಾಡುವಾಗ ಸುಟ್ಟುಕೊಂಡಳು. ತುಂಬಾ ಅಜಾಗರೂಕತೆ ಅವಳಿಗೆ" ಎಂದು ಅಮ್ಮನವರು ಹಿಂದಿನಿಂದ ಹೇಳಿದರು.

ಇಸ್ತ್ರಿಯವನು ತನ್ನ ಕೈಗಳನ್ನು ನೋಡಿಕೊಂಡ. ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ ಹಳೆಯ ಕಲೆಗಳಿದ್ದವು. "ನಮಗೆ ಸುಡೋದು ಇಲ್ಲಿ ಅಮ್ಮಾವ್ರೆ" ಎಂದ. "ಬೆನ್ನು ಸುಡಲ್ಲ."

ಅವರ ನಗು ಹೋಯಿತು. ಹುಡುಗಿ ಕಳ್ಳಿ ಎಂದು ಪೊಲೀಸರಿಗೆ ಹೇಳುತ್ತೇನೆ, ನಿಮ್ಮ ಮಾತನ್ನು ಯಾರು ನಂಬುತ್ತಾರೆ ಎಂದರು. ಗೇಟಿನ ಬಳಿ ಯಜಮಾನರ ಕಾರು ನಿಂತ ಸದ್ದಾಯಿತು. ಅಜ್ಜಿ ಹುಡುಗಿಯ ಪಕ್ಕ ಆ ಚಾಪೆಯ ಮೇಲೇ ಕೂತುಬಿಟ್ಟಳು. ಜಗಳ ಬೇಡ, ಮಗುವಿನ ಕೈ ಮಾತ್ರ ಬಿಡಬೇಡಿ ಎಂದಳು. ಬಾಗಿಲಲ್ಲಿ ಕಾಣಿಸಿದವರು ಯಜಮಾನರಲ್ಲ. ಅಜ್ಜಿಯ ಫೋನಿನ ಮೇರೆಗೆ ಯಜಮಾನರ ಹಿಂದೆಯೇ ಬಂದು, ಅವರನ್ನು ದಾಟಿ ಒಳಗೆ ಕಾಲಿಟ್ಟ ಮಕ್ಕಳ ರಕ್ಷಣಾ ಅಧಿಕಾರಿ. ಜೊತೆಗೆ ಒಬ್ಬ ಮಹಿಳಾ ಪೊಲೀಸ್.

ಸೋಮವಾರದ ಕಾರಿಗೆ ಕಿರಿಮಗಳು ಹತ್ತಲಿಲ್ಲ. ಮನೆಗೆ ಮರಳಿದ ಹಿರಿಯವಳು ಬಹಳ ದಿನ ಮಾತೇ ಆಡಲಿಲ್ಲ. ಆಮೇಲೊಂದು ಸಂಜೆ, ಊಟ ಆರಿಹೋಗಿದೆ, ಕಂಬಳಿ ಚುಚ್ಚುತ್ತೆ ಎಂದು ರಗಳೆ ತೆಗೆದಳು. ಅಂದು ಅಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮಗುವೋ, ಪಕ್ಕದ ಮನೆಯ ಮಗುವೋ ಬೇರೆಯವರ ಮನೆಯಲ್ಲಿ ದುಡಿಯುತ್ತಿದ್ದರೆ ಇಂದೇ ಹೋಗಿ ನೋಡಿ. ಅದು ಮಲಗುವ ಜಾಗ ತೋರಿಸಿ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಸಹಾಯವಾಣಿಗೆ ಮೊದಲು ತಿಳಿಸಿ. ಫೋನು ಮಾಡಲು ದುಡ್ಡು ಬೇಡ, ಧೈರ್ಯ ಬೇಕು. ಭಯವಾದರೂ ಮಾಡಿ.

ಇಸ್ತ್ರಿಯವನ ಮನೆಗೆ ಇಬ್ಬರು ಮಕ್ಕಳೂ ಉಳಿದರು. ಹಿರಿಯವಳನ್ನು ಅಮ್ಮನವರು ಶಾಲೆಗೇ ಕಳಿಸಿರಲಿಲ್ಲ, ಅವಳ ಒಂದು ವರ್ಷದ ಓದು ಹೋಯಿತು. ಬೆನ್ನಿನ ಗುರುತು ಹೋಗಿಲ್ಲ.