ಸೋಫಾದ ಹಿಂದಿನ ಉದ್ದಿ

"ತಲೆ ತಗ್ಗಿಸೇ ಮುಂಡೇದೆ! ನಿನ್ನ ತುರುಬು ಕಾಣ್ತಿದೆ!"

ಅಮ್ಮಾವ್ರ ಬೈಗುಳ ಸೋಫಾ ದಾಟಿ, ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಉದ್ದಿಯ ನೆತ್ತಿಗೇ ಬಿತ್ತು. ಉದ್ದಿ ಗಲ್ಲವನ್ನು ಮಂಡಿಗೆ ಊರಿದಳು. ಅಷ್ಟೆತ್ತರದ ಹೆಣ್ಣು ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಿದ್ದೇ ದೊಡ್ಡದು.

ಆ ಮನೆಯಲ್ಲಿ ಫೋಟೋ ತೆಗೆಯುವ ಕ್ರಮವೇ ಹಾಗೆ. ಮಗು ಗುಂಡ ಹುಟ್ಟಿದಂದಿನಿಂದ ಉದ್ದಿಯ ಕೈಯಲ್ಲೇ ಬೆಳೆದದ್ದು. ಅವಳು ಹಿಡಿದರೆ ಸುಮ್ಮನಿರುತ್ತಿದ್ದ, ಹೆತ್ತತಾಯಿ ಮುಟ್ಟಿದರೆ ಮನೆ ಹಾರಿಹೋಗುವಂತೆ ಅರಚುತ್ತಿದ್ದ. ಹಾಗಾಗಿ ಉದ್ದಿ ಸೋಫಾದ ಹಿಂದೆ ಅವಿತು, ಬೆನ್ನಿನ ಮರದ ಪಟ್ಟಿಗಳ ಸಂದಿಯಿಂದ ಕೈ ತೂರಿಸಿ ಅವನ ಸೊಂಟ ಹಿಡಿಯಬೇಕು. ಮುಂದೆ ಕೂತು ನಗುವ ಕೆಲಸ ಅಮ್ಮಾವ್ರದು. ದುಡಿಮೆ ಹಂಚಿಕೊಂಡಂತೆಯೂ ಆಯಿತು, ಫೋಟೋ ಬಂದಂತೆಯೂ ಆಯಿತು.

ಈ ಕ್ರಮವೇ ಉದ್ದಿಗೆ ಮುಳುವಾಯಿತು. ಹೊರದೇಶದ ಒಂದು ಕುಟುಂಬ ಫೋನಿನಲ್ಲಿ ಅವಳ ಜತೆ ಮಾತಾಡಿ ಒಪ್ಪಿಕೊಂಡಿತ್ತು. ಅವರ ಮನೆಯಲ್ಲೇ ಇದ್ದು, ಮಕ್ಕಳನ್ನು ನೋಡಿಕೊಂಡು, ಅಲ್ಲಿನ ಭಾಷೆ ಕಲಿಯುವ ಕೆಲಸ. ಅದಕ್ಕೆ ಓ ಪೇರ್ ಎಂದು ಹೆಸರು. ಏಜೆನ್ಸಿಗೆ ಎಲ್ಲ ಕಾಗದ ಕೊಟ್ಟಾಗಿತ್ತು. ಮಗು ಸಾಕಿದ ಅನುಭವಕ್ಕೆ ಸಾಕ್ಷಿಯಾಗಿ ಮಗುವಿನ ಜತೆಗಿನ ಫೋಟೋ ಒಂದು ಬಾಕಿ. ಅಮ್ಮಾವ್ರು ಬೇಡವೆಂದು ಬಿಸಾಕಿದ್ದನ್ನೆಲ್ಲ ಫೋಟೋದವನು ಅವಳಿಗೆ ಕೊಟ್ಟಿದ್ದ. ಅವನ್ನೇ ಹೊತ್ತುಕೊಂಡು ಹೋದಳು.

ಗುಮಾಸ್ತ ಕನ್ನಡಕ ಏರಿಸಿ ನೋಡಿದ. "ಇದ್ರಲ್ಲಿ ನೀನೆಲ್ಲಮ್ಮಾ?"

"ಮಗೂ ಸೊಂಟದ ಹತ್ರ ನೋಡಿ ಸಾರ್. ಆ ಕೈ ನಂದು."

"ಅಯ್ಯೋ, ಮಗೂಗೇ ಮೂರು ಕೈ ಅಂದ್ಕೊಂಡೆ. ಇದ್ರಲ್ಲಿ?"

"ಮೊಣಕೈ ಸಾರ್."

"ಇದ್ರಲ್ಲಿ ಬರೀ ಪರದೆ ಇದೆಯಲ್ಲ!"

"ಅದರ ಹಿಂದಿದೀನಿ ಸಾರ್."

ಗುಮಾಸ್ತ ಫೋಟೋಗಳನ್ನು ಅವಳ ಕಡೆಗೆ ತಳ್ಳಿದ. "ಮೊಣಕೈಗೆ ಯಾರೂ ವೀಸಾ ಕೊಡಲ್ಲಮ್ಮಾ. ಮುಖ ಬೇಕು, ಮಗು ಬೇಕು, ಎರಡೂ ಒಂದೇ ಫೋಟೋದಲ್ಲಿ ಬೇಕು. ಬರೋ ತಿಂಗಳು ನಿಂಗೆ ಈ ವೀಸಾದ ವಯಸ್ಸು ಮೀರುತ್ತೆ. ಆಮೇಲೆ ಮುಖ ತಂದ್ರೂ ಅಷ್ಟೆ, ಬೆನ್ನು ತಂದ್ರೂ ಅಷ್ಟೆ."

ಉದ್ದಿಯ ಮನೆಯಲ್ಲಿ ಅವಳ ಚಿಕ್ಕಮ್ಮ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಗಲೂ ರಾತ್ರಿ ಅವನ ಕುಂಡಿ ತೊಳ್ದಿದೀಯ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಂತಾ? ಅದಿರ್ಲಿ, ಅಲ್ಲಿ ಊಟ ಹೆಂಗೆ?"

"ಅವ್ರ ಟೇಬಲ್ಲಲ್ಲೇ, ಅವ್ರ ಜತೇಲೇ ಅಂತೆ."

"ಹಂಗಾದ್ರೆ ಟೇಬಲ್ ಒರೆಸೋರು ಯಾರೇ?"

"ನಾನೇ. ಆದ್ರೆ ಉಂಡು ಒರೆಸೋದು."

ಚಿಕ್ಕಮ್ಮ ನಗು ನಿಲ್ಲಿಸಿದಳು. "ಹೋಗೇ ತಾಯಿ. ಹೆಂಗಾದ್ರೂ ಹೋಗು."

ಮರುದಿನ ಉದ್ದಿ ಧೈರ್ಯ ಮಾಡಿ ಗುಂಡನ ಜತೆ ಒಂದು ಫೋಟೋ ಕೇಳಿದಳು. ಕಾಲುಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಅಮ್ಮಾವ್ರು ತಲೆ ಎತ್ತಲಿಲ್ಲ.

"ನನ್ನ ಮಗನ ಪಕ್ಕ ನಿನ್ನ ಮೂತಿನಾ? ನೋಡ್ದೋರು ಏನಂದ್ಕೋತಾರೆ? ನೀನು ಮಗು ಸಾಕಿದೆ, ನಾನು ಕತ್ತೆ ಕಾಯ್ತಿದ್ದೆ ಅಂತಾನಾ?"

"ಒಂದೇ ಒಂದು, ಅಮ್ಮಾವ್ರೇ..."

"ಮನೆಮಗಳ ಥರ ನೋಡ್ಕೊಂಡಿದೀನಿ ನಿನ್ನ. ಉಂಡ ಮನೆಗೆ ಎರಡು ಬಗೀಬೇಡ."

ಮನೆಮಗಳು ಈ ಮಾತನ್ನು ನಿಂತೇ ಕೇಳಿದಳು. ಆ ಕೋಣೆಯ ಕುರ್ಚಿಗಳ ಮೇಲೆ ಅವಳಿಗೆ ಕೂರುವ ಅಪ್ಪಣೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ.

ಅಷ್ಟರಲ್ಲಿ ಮಹಿಳಾ ಸಂಘದವರು ಅಮ್ಮಾವ್ರಿಗೆ ಆದರ್ಶ ತಾಯಿ ಪ್ರಶಸ್ತಿ ಕೊಡುವುದೆಂದು ನಿರ್ಧರಿಸಿದರು. ಪತ್ರಿಕೆಗೆ ತಾಯಿ ಮಗುವಿನ ಫೋಟೋ ಬೇಕಾಯಿತು. ಫೋಟೋದವನು ಬಂದ. ಅಮ್ಮಾವ್ರು ಹೊಸ ಸೀರೆಯಲ್ಲಿ ಸೋಫಾ ತುಂಬ ಕೂತರು. ಪಕ್ಕದಲ್ಲಿ ಗುಂಡ. ಹಿಂದೆ, ಯಥಾಪ್ರಕಾರ, ಉದ್ದಿ.

"ನಗಿ ಅಮ್ಮಾವ್ರೇ. ಒಂದು... ಎರಡು..."

ಉದ್ದಿ ಎದ್ದು ನಿಂತಳು.

ಸೊಂಟದ ಹಿಡಿತ ತಪ್ಪಿದ್ದೇ ತಡ ಗುಂಡ ತಿರುಗಿ ನೋಡಿದ. ಸೋಫಾದ ಬೆನ್ನು ಹತ್ತಿ ಅವಳ ಕುತ್ತಿಗೆಗೆ ಜೋತುಬಿದ್ದು ಕಿಲಕಿಲ ನಕ್ಕ. ಫೋಟೋದವನು ಕ್ಲಿಕ್ ಎನ್ನಿಸಿದ.

"ಕೂರೇ ಲೌಡಿ!"

"ಕೂರಲ್ಲ."

"ಇವತ್ತಿಗೆ ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೋ! ಏಯ್, ನಿಲ್ಸೋ ನೀನು!"

"ಅಮ್ಮಾವ್ರೇ, ಸ್ವಲ್ಪ ಬಾಯಿ ಮುಚ್ಕೊಳಿ. ದವಡೆ ಹಲ್ಲೂ ಫೋಟೋದಲ್ಲಿ ಬೀಳ್ತಿದೆ," ಎಂದ ಫೋಟೋದವನು, ಕಣ್ಣು ಕ್ಯಾಮೆರಾದಿಂದ ತೆಗೆಯದೆ.

ಆದರ್ಶ ತಾಯಿ ಸೀರೆ ಎತ್ತಿಕಟ್ಟಿ ಸೋಫಾದ ಹಿಂದಕ್ಕೆ ನುಗ್ಗಿದರು. ಮಗುವಿನ ಸೊಂಟಕ್ಕೆ ಕೈಹಾಕಿ ಎಳೆದರು. ಗುಂಡ ಉದ್ದಿಯ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಅಪ್ಪಿದ. ಈ ಹುಡುಗನನ್ನು ಬಿಟ್ಟುಹೋಗುವುದೇ ಎಲ್ಲಕ್ಕಿಂತ ಕಷ್ಟವೆಂದು ಅವಳಿಗೆ ಗೊತ್ತಿತ್ತು. ಅವನ ತಲೆ ಸವರಿ, ಮುಖವನ್ನು ಮೆಲ್ಲಗೆ ಕ್ಯಾಮೆರಾ ಕಡೆ ತಿರುಗಿಸಿದಳು.

"ಹಂಗೇ ಗಟ್ಟಿಯಾಗಿ ಹಿಡ್ಕೊಂಡಿರಿ ಅಮ್ಮಾವ್ರೇ," ಎಂದಳು. "ಸ್ವಲ್ಪ ತಲೆ ತಗ್ಗಿಸಿ. ಈಗ ನಾನು ನಗ್ತೀನಿ."