ನೆತ್ತಿಯ ಮೇಲಿನ ಮಣ್ಣು

“ನಿಮ್ಮ ಜಾತಿಗೆ ಹುಲಿ ತಮ್ಮ ಆಗ್ಬೇಕಂತಲ್ಲೇ? ಕರಿಯೇ ಮತ್ತೆ ನಿನ್ನ ತಮ್ಮನ್ನ! ಮೂರು ದಿನದಿಂದ ಬರೀ ನವಿಲಿನ ಹಿಂಭಾಗ ತೋರಿಸ್ತಿದೀಯ.”

ಜೀಪಿನ ಎತ್ತರದ ಹಿಂದಿನ ಸೀಟಿನಲ್ಲಿದ್ದ ಭಟನಾಗರ್ ಸಾಹೇಬ ಬೂಟಿನ ತುದಿಯಿಂದ ನನ್ನ ಬೆನ್ನನ್ನು ತಿವಿದ. ನಾನು ಮುಂದೆ, ಡ್ರೈವರ್ ಭಗ್ಗೂವಿನ ಪಕ್ಕ ಕುಳಿತಿದ್ದೆ. ನನ್ನ ಹಸಿರು ಅಂಗಿಯ ಜೇಬಿನ ಮೇಲೆ ‘ಗೈಡ್’ ಎಂದು ಹೊಲಿದಿದ್ದಾರೆ, ಅದರ ಕೆಳಗೆ ‘ಫಗನಿ ಬೈಗಾ’ ಎಂದು. ಫಗನಿ ನನ್ನ ಹೆಸರು, ಬೈಗಾ ನಮ್ಮ ಕುಲ.

“ಅಂಗಿ ಬೇರೆ ಹೊಲಿಸಿಕೊಟ್ಟಿದಾರೆ ಇವಳಿಗೆ. ನಾನಿಲ್ಲಿ ರೇಂಜರ್ ಆಗಿದ್ದಾಗ ಮೈಮುಚ್ಚೋಕೆ ಚಿಂದಿ ಇರಲಿಲ್ಲ ಈ ನನ್ಮಕ್ಕಳಿಗೆ.”

“ಇದ್ದ ಚಿಂದಿಗೂ ಬೆಂಕಿ ಇಕ್ದೋನು ಇವ್ನೇಯ,” ಎಂದು ಭಗ್ಗೂ ಗೇರಿನ ಸದ್ದಿನೊಳಗೆ ಗೊಣಗಿದ.

ನಾನು ದಾರಿ ನೋಡುತ್ತಿದ್ದೆ. ದಾರಿಯ ಧೂಳಿನಲ್ಲಿ ಹುಲಿಯ ಹೆಜ್ಜೆಯಿತ್ತು. ಅದರ ಅಂಚು ಇನ್ನೂ ಉದುರಿರಲಿಲ್ಲ. ಹೆಜ್ಜೆ ಸರಈಟೋಲದ ಕಡೆ ತಿರುಗಿತ್ತು. ಅದು ನಮ್ಮ ಊರು. ಈಗ ಅಲ್ಲಿ ಊರಿಲ್ಲ, ಆಳೆತ್ತರದ ಹುಲ್ಲಿದೆ. ಪ್ರವಾಸಿಗಳಿಗೆ ಅದನ್ನು ‘ಹುಲ್ಲುಗಾವಲು’ ಎಂದು ಹೇಳಬೇಕೆಂದು ನಮಗೆ ಕಲಿಸಿದ್ದಾರೆ.

“ಆ ಕಡಿಕ್ ತಿರ್ಗಿಸು ಭಗ್ಗೂಅಣ್ಣ,” ಎಂದೆ.

ಸಾಹೇಬನಿಗೆ ಹುಲಿ ತೋರಿಸಬೇಕಿತ್ತು, ಅವನಿಂದ ಒಂದು ಮಾತು ತರಬೇಕಿತ್ತು. ನನ್ನ ಜನ ನನ್ನನ್ನು ಕಳಿಸಿದ್ದೇ ಅದಕ್ಕೆ.

ಹೆದ್ದಾರಿಯ ಪಕ್ಕದ ನಮ್ಮ ತಗಡಿನ ಕಾಲೊನಿಯಲ್ಲಿ, ಸಾಹೇಬ ಬಂದಿಳಿದ ದಿನವೇ, ನಮ್ಮ ಪೂಜಾರಿ ಲಮಟೂ ತಾತ ಕೋಲೂರಿಕೊಂಡು ಮನೆಗೆ ಬಂದಿದ್ದ. ಮಳೆಗೆ ಮುಂಚೆ ಪ್ರತಿ ಮನೆಯಿಂದ ಒಂದೊಂದು ಹಿಡಿ ಹಾರಕ, ಸಾಮೆ ತಂದು ಸಾಜ ಮರದ ಬುಡದಲ್ಲಿರುವ ಠಾಕುರ ದೇವನ ಮುಂದೆ ಬೆರೆಸಿ, ಮೊದಲ ಹಿಡಿಯನ್ನು ಅಲ್ಲೇ ಚೆಲ್ಲಬೇಕು. ಆಮೇಲೆಯೇ ಬಿತ್ತನೆ. ಹುಲಿಗೆ ಜಾಗ ಬೇಕೆಂದು ನಮ್ಮನ್ನು ಎಬ್ಬಿಸಿದಾಗ ದೇವರು ಕಾಡಿನೊಳಗೆ ಉಳಿದ. ಹದಿನೇಳು ವರ್ಷದಿಂದ ನಾವು ಲಾರಿಗಳ ಹೊಗೆ ಕುಡಿದ ಒಂದು ಹುಣಸೆ ಮರಕ್ಕೆ ಕೈಮುಗಿದು ಬಿತ್ತುತ್ತಿದ್ದೇವೆ. ಸಾಮೆ ಜೊಳ್ಳಾಗುತ್ತಿದೆ.

“ಆವಯ್ಯ ಬಂದವ್ನಂತೆ. ಅವ್ನು ಒಂದ್ ಮಾತಂದ್ರೆ ಈಗಿನ್ ಸಾಬ್ರೂ ಕೇಳ್ತಾರೆ,” ಎಂದ ತಾತ. “ಒಂದಿನ ಕಣವ್ವ. ಒಂದೇ ದಿನ ಒಳೀಕ್ ಬುಡ್ಲಿ. ಪೂಜೆ ಮಾತು ಬಲ್ಲೋನು ನಾನೊಬ್ನೇ ಉಳ್ದಿರಾದು. ಮರದ ಬುಡ್ದಾಗೆ ನಿಂತು ಹುಡುಗ್ರಿಗೆ ಹೇಳ್ಕೊಡ್ದೆ ಸತ್ರೆ, ಅದೂ ನನ್ ಜತಿಗೇ ಮಣ್ಣಾಯ್ತದೆ.”

“ಅವ್ನು ಒಪ್ತಾನಾ ತಾತ?”

“ಒಪ್ದೆ ಏನು? ನೆತ್ತಿ ಮ್ಯಾಲೆ ಮಣ್ಣಿಟ್ಕಂಡೋನು!”

ಹಣೆಯ ಹಚ್ಚೆ ಸುಕ್ಕುಗಟ್ಟುವಂತೆ ಅಜ್ಜಿ ಮುಖ ಕಿವುಚಿ ಉಗಿದಳು. “ಆ ಸೂಳೆಮಗ ನೆತ್ತಿಗಿಟ್ಕಂಡ, ನೀವು ಗಂಡಸ್ರು ನಮ್ ಬಾಯ್ಗಾಕಿದ್ರಿ!”

ಆಗ ನನಗೆ ಐದು ವರ್ಷ. ಊರು ಬಿಡಿ ಎಂಬ ಕಾಗದ ಹಿಡಿದು ಸಾಹೇಬ ಬಂದಿದ್ದ. ಯಾರೂ ಅಲುಗಲಿಲ್ಲ. ಕಾಗದ ನಮಗೆ ತಿಳಿಯದು, ಸಾಜ ಮರದ ಬುಡದ ಮಣ್ಣು ನೆತ್ತಿಯ ಮೇಲಿಟ್ಟುಕೊಂಡು ಹೇಳು ಎಂದ ಲಮಟೂ ತಾತ. ಸಾಹೇಬ ಟೋಪಿ ತೆಗೆದ. ಒಂದು ಮುಷ್ಟಿ ಮಣ್ಣನ್ನು ತಲೆಗಿಟ್ಟುಕೊಂಡು, ಪ್ರತಿ ವರ್ಷ ಬೀಜದ ಪೂಜೆಗೆ ನಿಮಗೆ ದಾರಿ ಬಿಡುತ್ತೇನೆ, ತಪ್ಪಿದರೆ ನನ್ನನ್ನು ಹುಲಿ ಒಯ್ಯಲಿ ಎಂದ. ನಮ್ಮಲ್ಲಿ ನೆತ್ತಿಯ ಮೇಲೆ ಮಣ್ಣಿಟ್ಟುಕೊಂಡು ಸುಳ್ಳಾಡಿದವರಿಲ್ಲ. ಇನ್ನೊಬ್ಬರು ಆಡಬಹುದೆಂದು ಯಾರಿಗೂ ಹೊಳೆಯಲಿಲ್ಲ. ಒಂದು ಚೀಟಿಯನ್ನೂ ಕೇಳದೆ ಗಂಟು ಹೊತ್ತರು. ಕಾಡಿನ ಅಂಚು ದಾಟಿ ತಿರುಗಿ ನೋಡುವಷ್ಟರಲ್ಲಿ ಸೂರುಗಳು ಉರಿಯುತ್ತಿದ್ದವು. ಮರುವರ್ಷ ಬೀಜ ಹಿಡಿದು ಗೇಟಿಗೆ ಹೋದಾಗ ಗಾರ್ಡುಗಳು ತಾತನ ಮೊಣಕಾಲು ಮುರಿದರು.

ಹುಲಿಯ ಕಥೆಯನ್ನು ನನಗೆ ಹೇಳಿದವಳು ಅಜ್ಜಿ. ಮೊದಲ ಬೈಗನೂ ಮೊದಲ ಹುಲಿಯೂ ಒಬ್ಬಳೇ ತಾಯಿಯ ಎರಡು ಮೊಲೆ ಕುಡಿದವರಂತೆ. ದೊಡ್ಡವರಾದ ಮೇಲೆ ಪಾಲಾಯಿತು. ಅಣ್ಣನಿಗೆ ಬೀಜ, ತಮ್ಮನಿಗೆ ಹಲ್ಲು. ತಮ್ಮ ಮುನಿಸಿಕೊಂಡು, ನನಗೆ ತಿನ್ನಲು ಏನು ಎಂದು ಕೇಳಿದನಂತೆ. ತಾಯಿ ಯೋಚಿಸಿ ಯೋಚಿಸಿ, ಜಿಂಕೆ ನಿನ್ನದು, ಕಡವೆ ನಿನ್ನದು, ಮಾತು ಮುರಿದವನೂ ನಿನ್ನವನೇ ಎಂದಳಂತೆ. ಈ ಕಥೆ ಕೇಳುತ್ತಾ ನಿದ್ದೆಹೋದಾಗಲೆಲ್ಲ ನನ್ನ ಕನಸಿನಲ್ಲಿ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ, ಯಾರೋ ಅದರೊಳಗೆ ಮೆತ್ತಗೆ ಉಸಿರಾಡುತ್ತಿದ್ದರು.

ಸರಈಟೋಲದಲ್ಲಿ ಜೀಪು ನಿಂತಿತು. ಸಾಜ ಮರ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕೊಂಬೆಯ ಮೇಲೆ ಎರಡು ಕಾಗೆಗಳು ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿದ್ದವು. ಮರದ ಎಡಕ್ಕೆ, ಹುಲ್ಲಿನ ಸಂದಿನಲ್ಲಿ ಎರಡು ದುಂಡನೆಯ ಕಿವಿಗಳು. ಗಾಳಿಯಲ್ಲಿ ಹಸಿ ಮಾಂಸದ ವಾಸನೆ. ಬೇಟೆಯ ಪಕ್ಕ ಮಲಗಿದ್ದಳು ಹೆಣ್ಣುಹುಲಿ. ಬೆರಳು ತೋರಿಸಿದರೆ ಸಾಕಿತ್ತು.

ಮೊದಲು ಮಾತು, ಆಮೇಲೆ ಬೆರಳು ಎಂದುಕೊಂಡೆ.

“ಸಾಹೇಬ್ರೆ, ಇದು ನಮ್ಮೂರು. ಬೀಜದ ಪೂಜೆಗೆ ಒಂದಿನ ಒಳಗೆ ಬುಡ್ಸಿ. ನೀವು ಮಾತು ಕೊಟ್ಟಿದ್ರಿ. ಮಣ್ಣು ನೆತ್ತಿ ಮೇಲಿಟ್ಕೊಂಡು.”

ಸಾಹೇಬ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆಯ ಮೇಲಿದ್ದ ಕ್ಯಾಮೆರಾ ಕುಣಿಯುವಂತೆ ನಕ್ಕ.

“ಅದಾ! ಅವತ್ತು ನನ್ನ ಹೆಂಡ್ತಿ ಎರಡು ಸಲ ಶಾಂಪೂ ಹಾಕಿ ತೊಳೆದಳು ಕಣೇ. ಒಂದು ಮುಷ್ಟಿ ಮಣ್ಣಿಗೆ ಇಡೀ ಊರು ಖಾಲಿ! ಡೆಲ್ಲಿ ಮೀಟಿಂಗ್‌ಗಳಲ್ಲಿ ಈ ಕಥೆ ಹೇಳಿ ಎಷ್ಟು ಜನರನ್ನ ನಗಿಸಿದೀನಿ ಗೊತ್ತಾ?”

“ಲಮಟೂ ತಾತ ಸಾಯೋ ಹಂಗಾಗವ್ನೆ...”

“ಸಾಯಲಿ ಬಿಡು. ಇಲ್ಲಿ ಯಾರೂ ನೆಲಕ್ಕೆ ಕಾಲಿಡೋ ಹಾಗಿಲ್ಲ. ಕಾನೂನು. ಪ್ರಾಣಿಗಳಿಗೆ ತೊಂದರೆಯಾಗತ್ತೆ.” ಅವನು ಕತ್ತು ಚಾಚಿ ಮರವನ್ನು ನೋಡಿದ. “ಇದೇ ಅಲ್ವಾ ನಿಮ್ಮ ದೇವರ ಮರ? ಬೆಳಗಿನಿಂದ ತಡ್ಕೊಂಡಿದೀನಿ. ಇರು, ನಿಮ್ಮ ಪೂಜೆ ನಾನೇ ಮುಗಿಸಿ ಬರ್ತೀನಿ.”

ಹೇಳುತ್ತಲೇ ಬೆಲ್ಟಿಗೆ ಕೈಹಾಕಿದ. ಜೀಪಿನ ಬಾಗಿಲು ತೆರೆಯಿತು.

“ಇಳೀಬ್ಯಾಡಿ ಸಾಬ್ರೆ,” ಭಗ್ಗೂ ತಿರುಗಿದ. “ರೂಲ್ಸು...”

“ಮುಚ್ಚೋ ಬಾಯಿ. ಈ ಕಾಡಿಗೆ ಗೇಟ್ ಹಾಕಿದವನೇ ನಾನು.” ಒಂದು ಬೂಟು ಮೆಟ್ಟಿಲ ಮೇಲಿಟ್ಟು, ಯಾಕೋ ತಡೆದು, ನನ್ನ ಕಡೆ ನೋಡಿದ. “ಏನಾದ್ರೂ ಇದೆಯೇನೇ ಅಲ್ಲಿ?”

ಗೈಡಿಗೆ ಕಲಿಸುವ ಮೊದಲ ಪಾಠ ಅದು. ಇದ್ದರೆ ಇದೆ ಎನ್ನಬೇಕು. ಮುಚ್ಚಿಟ್ಟರೆ ಅಂಗಿ ಬಿಚ್ಚಿಸುತ್ತಾರೆ, ಜೈಲಿಗೂ ಹಾಕುತ್ತಾರೆ. ನಾನು ಹುಲ್ಲನ್ನು ನೋಡಿದೆ. ಬೆಳಗಿನ ಬಿಸಿಲಿಗೆ ಅದು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಅದರೊಳಗಿನ ಎರಡು ಹಳದಿ ಕಣ್ಣುಗಳೂ ನನ್ನನ್ನು ನೋಡಿದವು.

“ಏನಿಲ್ಲ ಸಾಹೇಬ್ರೆ,” ಎಂದೆ. “ಮೂರು ದಿನದಿಂದ ನೀವೇ ನೋಡ್ತಿದೀರಲ್ಲ.”

ಅವನು ಇಳಿದ. ಒಣ ನೆಲ ಬೂಟಿನಡಿ ಕರಕರ ಎಂದಿತು.

ಭಗ್ಗೂವಿನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. “ಫಗನೀ... ಐತೆ ಕಣೇ ಅಲ್ಲಿ. ನಿಂಗೂ ಕಾಣ್ತಾ ಐತೆ.”

“ಗಾಡಿ ಆರ್ಸಣ್ಣ.”

“ಅವ್ವಾ, ನಮ್ನ ನೇಣಿಗಾಕ್ತಾರೆ ಕಣೇ.”

“ಆರ್ಸು. ಸದ್ದಾದ್ರೆ ಪ್ರಾಣಿಗಳಿಗೆ ತೊಂದರೆಯಾಯ್ತದೆ.”

ಭಗ್ಗೂ ನನ್ನ ಮುಖ ನೋಡಿದ. ಹೋಗುತ್ತಿದ್ದವನ ಬೆನ್ನು ನೋಡಿದ. ಅವನ ಅಪ್ಪನ ಮನೆಯೂ ಆ ಹುಲ್ಲಿನಲ್ಲೇ ಇತ್ತು. ಅವನು ಕೀಲಿ ತಿರುಗಿಸಿದ. ಎಂಜಿನ್ ಒಮ್ಮೆ ನಡುಗಿ ಸುಮ್ಮನಾಯಿತು.

ಮೇಲೆ ಸಾಲ ಮರದಲ್ಲಿದ್ದ ಮುಸುವ ಕಿರುಚಲು ಶುರುಮಾಡಿತು. ಖೊಕ್, ಖೊಕ್, ಖೊಕ್. ಕಾಡಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಹುಲಿ ಕಂಡಾಗಿನ ಆ ಕೂಗು. ಮೂವತ್ತು ವರ್ಷ ಕಾಡು ಆಳಿದವನಿಗೆ ಗೊತ್ತಿರಲಿಲ್ಲ.

ಮರದ ಬುಡದಲ್ಲಿ ಕಾಲಗಲಿಸಿ ನಿಂತವನು ಕತ್ತು ಮಾತ್ರ ಹೊರಳಿಸಿ ಕೂಗಿದ, “ಏನೇ ಅದು ಬೊಗಳ್ತಿರೋದು?”

“ಮಂಗ, ಸಾಹೇಬ್ರೆ.”

ಸಾಹೇಬ ಸಿಳ್ಳೆ ಹಾಕತೊಡಗಿದ. ಹುಲ್ಲಿನ ಸಂದಿನಲ್ಲಿದ್ದ ಎರಡು ಕಿವಿಗಳು ಹಿಂದಕ್ಕೆ ಬಾಗಿ ತಲೆಗೆ ಅಂಟಿಕೊಂಡವು.