ಹದಿನಾರು ನಟ್ಟು

"ಇವನು ಹಿಡಿದ ಕೆಲಸ ಮುಗಿಸಿದ ದಿನ ನಾನು ಮೀಸೆ ಬೋಳಿಸ್ಕೋತೀನಿ," ಅಂದರು ಭಾವ. "ಎಂಟನೇ ಕ್ಲಾಸನ್ನೇ ಅರ್ಧಕ್ಕೆ ಬಿಟ್ಟು ಬಂದ ಪುಣ್ಯಾತ್ಮ. ನಾಲ್ಕು ಚಕ್ರ ಪೂರ್ತಿ ಮಾಡ್ತಾನಾ?"

ಭಾವನ ಆಫೀಸಿನವರು ಐದು ಜನ ಕಾರಿನ ಸುತ್ತ ನಿಂತಿದ್ದರು. ಭಾವನಿಗೆ ಬಡ್ತಿಯ ಜೊತೆ ವರ್ಗವಾಗಿತ್ತು, ಅದಕ್ಕೆ ಮಾತಾಡಿಸಿಕೊಂಡು ಹೋಗಲು ಬಂದವರು. ಅವರಲ್ಲಿ ಬೊಜ್ಜಿನವನೊಬ್ಬ, ಮೂರು ಮುಗಿಸಿದರೂ ಸಾಕು ಸಾರ್, ಆಟೋ ಅಂತ ಓಡಿಸಿಕೊಂಡು ಹೋಗಿ ಅಂದ. ಎಲ್ಲರೂ ನಕ್ಕರು. ಅಕ್ಕ ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ.

ನಾನು ಕಾರಿನ ಪಕ್ಕ ಮಂಡಿಯೂರಿ ಜ್ಯಾಕ್ ಇಡುತ್ತಿದ್ದೆ. ನಾಲಿಗೆಯ ತುದಿಗೆ ಬಂದ ಮಾತು ಒಂದೆರಡಲ್ಲ. ಮೀಸೆ ಬೋಳಿಸಿದರೆ ಮುಖದಲ್ಲಿ ಉಳಿಯುವುದಾದರೂ ಏನು ಭಾವ, ಅನ್ನಬೇಕೆಂದಿದ್ದೆ. ಆದರೆ ಅಕ್ಕ ತಟ್ಟೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಜ್ಯಾಕ್ ತಿರುವಿದೆ.

ಆ ಕೆಲಸವನ್ನು ಕೇಳಿ ತೆಗೆದುಕೊಂಡವನು ನಾನೇ. ಹಳೆಯ ಸಣ್ಣ ಕಾರು. ಮೈಯೆಲ್ಲ ಪರವಾಗಿಲ್ಲ, ಚಕ್ರಗಳು ಮಾತ್ರ ತುಕ್ಕು ಹಿಡಿದು ತಳ ಸುಟ್ಟ ಬಾಣಲೆಯ ಹಾಗಿದ್ದವು. ಹೊಸ ಊರು, ಹೊಸ ಆಫೀಸು, ಈ ಚಕ್ರ ನೋಡಿದವರು ಏನಂದಾರು ಅಂತ ಭಾವನಿಗೆ ಕೊರಗು. ಅಕ್ಕನಿಗೆ ಆ ಕೊರಗೇನೂ ಇರಲಿಲ್ಲ. ಆದರೂ ಒಂದು ದಿನ, ನಿನ್ನ ಕೈಯಲ್ಲಿ ಆಗತ್ತಲ್ವೇನೋ ಅಂತ ಕೇಳಿದಳು. ಟೈರ್ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಚಕ್ರ ಬಿಚ್ಚಿ ಹಾಕುತ್ತಿರುವವನನ್ನು ಕೇಳುವ ಮಾತಾ ಅದು? ಆಗತ್ತೆ ಅಂದೆ. ಮುಂದಿನ ಭಾನುವಾರ ಅವರು ಹೊರಡುವುದು. ನನ್ನ ಕೈಯಲ್ಲಿದ್ದದ್ದು ಒಂದು ವಾರ. ಅಕ್ಕ ನಾನು ಮಾಡಿದ ಚಕ್ರದ ಮೇಲೆ ಕೂತು ಹೋಗಬೇಕು, ದಾರಿಯುದ್ದಕ್ಕೂ ಅವಳಿಗೆ ಏನೂ ಆಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ. ಭಾವನ ಮೀಸೆ ಇದ್ದರೆಷ್ಟು, ಹೋದರೆಷ್ಟು.

ಅವರು ಹೋದ ಮೇಲೆ ಆ ಬಾಡಿಗೆ ಮನೆಯಲ್ಲಿ ನನಗೇನು ಕೆಲಸ? ಅಂಗಡಿಯ ಮೇಲೆ ಒಂದು ಕೋಣೆಯಿದೆ. ಅರ್ಧ ಕೋಣೆಯಲ್ಲಿ ಹಳೆಯ ಟ್ಯೂಬುಗಳು, ಇನ್ನರ್ಧ ನನಗೆ. ನನ್ನ ಹಾಸಿಗೆ, ಎರಡು ಪ್ಯಾಂಟು ಆಗಲೇ ಅಲ್ಲಿಗೆ ಹೋಗಿದ್ದವು. ಅಪ್ಪ ಅಮ್ಮ ಇಲ್ಲದ ಮೇಲೆ ಅಕ್ಕ ಇರುವುದೇ ಮನೆ ಅಂದುಕೊಂಡು ಬೆಳೆದವನು ನಾನು. ಇನ್ನು ಮನೆಯೂ ನಾಲ್ಕು ಚಕ್ರದ ಮೇಲೆ ಹೊರಟಿತ್ತು.

ಶಾಲೆ ಬಿಟ್ಟ ಕಥೆಯನ್ನು ಭಾವ ಬಾಯಿ ಚಪ್ಪರಿಸಿ ಹೇಳುತ್ತಾರೆ, ಅರ್ಧ ಮಾತ್ರ. ಲೆಕ್ಕದ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, ನಿನ್ನ ತಲೆಯಲ್ಲಿ ಇರೋದು ಬರೀ ಗಾಳಿ ಅಂದರು. ನಾನು ಡಸ್ಟರ್ ಎತ್ತಿ ಅವರ ಮೇಲೆಸೆದು, ಅವರ ವಂಶವನ್ನೆಲ್ಲ ಬೈದು ಹೊರಗೆ ಬಂದೆ. ಚೀಲ ಬೆಂಚಿನ ಮೇಲೇ ಉಳಿಯಿತು. ಮಾರನೆಯ ದಿನ ಅಕ್ಕ ಹೋಗಿ ತಂದಳು. ನನ್ನ ಪಾಲಿನ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡೇ ತಂದಿರಬೇಕು, ನನಗೆ ಮಾತ್ರ ಏನೂ ಹೇಳಲಿಲ್ಲ. ನನ್ನ ಚಾಳಿಯೇ ಅದು: ಒಬ್ಬರು ಒಂದು ಅಂದರೆ ನಾನು ಎರಡು ಅನ್ನುತ್ತೇನೆ. ಏಟು ಬೀಳುವುದು ಅಕ್ಕನಿಗೆ. ಹೋದ ವರ್ಷ ಊಟಕ್ಕೆ ಕೂತಾಗ ಭಾವನಿಗೆ ಹೀಗೇ ತಿರುಗಿ ಮಾತಾಡಿದ್ದೆ. ಭಾವ ಹನ್ನೊಂದು ದಿನ ಅಕ್ಕನ ಜೊತೆ ಮಾತು ಬಿಟ್ಟರು. ನನ್ನ ಜೊತೆಯಲ್ಲ, ಅಕ್ಕನ ಜೊತೆ. ಹನ್ನೊಂದು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡುತ್ತಿದ್ದವು.

ಕಾರನ್ನು ಅಂಗಡಿಯಿಂದ ತಂದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರ ಬಿಚ್ಚಿದೆ. ಮನೆಯ ಪಕ್ಕದ ತಗಡಿನ ಶೆಡ್ಡೇ ನನ್ನ ಕಾರ್ಖಾನೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಎರಡು ತಾಸು, ಸಂಜೆ ಬಂದ ಮೇಲೆ ಎರಡು ತಾಸು. ಸೋಪಿನ ನೀರಲ್ಲಿ ತೊಳೆದೆ, ತಂತಿಯ ಬ್ರಷ್ಷಿನಿಂದ ತಿಕ್ಕಿದೆ. ಆಮೇಲೆ ಒರಟು ಉಜ್ಜುಕಾಗದ, ಅದರ ಮೇಲೆ ನಯವಾದದ್ದು. ತುಕ್ಕಿನ ಪುಡಿ ಮೂಗಿನೊಳಗೆ ಹೋಗಿ ಸೀನಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಉಜ್ಜುವಾಗ ಯೋಚನೆಗೆ ಜಾಗವಿರುವುದಿಲ್ಲ, ಅದೇ ಸುಖ. ಕೈ ನಿಲ್ಲಿಸಿದ ಕೂಡಲೇ ಒಳಗಿನಿಂದ ಅಕ್ಕ ಡಬ್ಬಗಳಿಗೆ ಟೇಪು ಹಚ್ಚುವ ಸದ್ದು ಕೇಳುತ್ತಿತ್ತು. ಪರ್‍ರ್ ಅಂತ ಎಳೆಯುವುದು, ಟಪ್ ಅಂತ ಕತ್ತರಿಸುವುದು. ಮನೆ ಒಂದೊಂದೇ ಡಬ್ಬದೊಳಗೆ ಹೋಗುತ್ತಿತ್ತು. ನಾನು ಮತ್ತೆ ಉಜ್ಜಲು ಶುರುಮಾಡುತ್ತಿದ್ದೆ.

ಟೈರಿಗೆ ಬಣ್ಣ ತಾಗದ ಹಾಗೆ ಮಾಡಲು ಒಂದು ಉಪಾಯವಿದೆ. ಗಾಳಿ ಬಿಟ್ಟು, ಟೈರಿಗೂ ಚಕ್ರಕ್ಕೂ ನಡುವಿನ ಸಂದಿಯಲ್ಲಿ ಇಸ್ಪೀಟಿನ ಎಲೆಗಳನ್ನು ಸುತ್ತಲೂ ಸಿಕ್ಕಿಸಬೇಕು. ಗುರುವಾರ ಸಂಜೆ ಅಕ್ಕ ನಮ್ಮ ಹಳೆಯ ಕಟ್ಟು ತಂದುಕೊಟ್ಟಳು. ಚಿಕ್ಕವರಿದ್ದಾಗ ಆಡುತ್ತಿದ್ದದ್ದು, ಮೂಲೆಗಳೆಲ್ಲ ಸವೆದಿದ್ದವು.

"ಇದರಲ್ಲಿ ಒಂದು ರಾಣಿ ಇಲ್ಲ ನೋಡು," ಅಂದಳು. "ನೀನೇ ಸೋಲ್ತೀನಿ ಅಂತ ಹರಿದು ಹಾಕಿದ್ದೆ."

"ನಾನು ಯಾವತ್ತು ಸೋತಿದ್ದೆ?"

"ಹೂಂ ಕಣಪ್ಪಾ. ಪ್ರತಿ ಸಲ ನಾನೇ ಸೋತು ಕೊಟ್ಟಿದ್ದು."

ಅವಳೂ ಕೂತಳು. ಇಬ್ಬರೂ ಎಲೆ ಸಿಕ್ಕಿಸಿದೆವು. ಚಕ್ರದ ಸುತ್ತ ರಾಜ, ಎಕ್ಕ, ಗುಲಾಮ ಎಲ್ಲ ಸಾಲಾಗಿ ನಿಂತರು. ಆಮೇಲೆ ನಾನು ಟೇಪಿನಲ್ಲಿ ಸಣ್ಣ ಬಿಲ್ಲೆಗಳನ್ನು ಕತ್ತರಿಸಿ ನಟ್ಟಿನ ತೂತುಗಳ ಮೇಲೆ ಅಂಟಿಸತೊಡಗಿದೆ. ಚಕ್ರಕ್ಕೆ ನಾಲ್ಕು, ಒಟ್ಟು ಹದಿನಾರು. ಇದು ಯಾಕೆ ಅಂತ ಕೇಳಿದಳು. ಹೇಳಿದೆ. ಇದನ್ನು ನನಗೆ ಕಲಿಸಿದ್ದು ಅಂಗಡಿಯ ಯಜಮಾನ. ಊರೆಲ್ಲ ಅವರನ್ನು ಗಾಳಿಮಾಮ ಅನ್ನುತ್ತದೆ. ಕಬ್ಬಿಣಕ್ಕೆ ಕಬ್ಬಿಣವೇ ಕೂರಬೇಕು, ನಟ್ಟು ಕೂರುವ ಬಾಯಿಗೆ ಬಣ್ಣ ಬಳಿಯಬಾರದು ಅನ್ನುತ್ತಾರೆ ಅವರು. ಬಳಿದರೆ ಬಿಗಿದಾಗ ಬಿಗಿಯಾದ ಹಾಗೇ ಕಾಣುತ್ತದೆ. ಓಡಿ ಬಿಸಿಯಾದ ಮೇಲೆ ನಡುವಿನ ಬಣ್ಣ ಹಿಸುಕಿ ಈಚೆ ಬರುತ್ತದೆ, ನಟ್ಟು ಸಡಿಲವಾಗುತ್ತದೆ. ಚಕ್ರ ಕಾರಿಗಿಂತ ಮುಂದೆ ಓಡಿದ್ದನ್ನು ಗಾಳಿಮಾಮ ಒಮ್ಮೆ ಕಣ್ಣಾರೆ ಕಂಡಿದ್ದಾರೆ.

ಅಕ್ಕ ಒಂದು ಬಿಲ್ಲೆಯನ್ನು ಹೆಬ್ಬೆರಳಿಂದ ಒತ್ತಿ, ಒತ್ತಿದ್ದನ್ನೇ ಮತ್ತೊಮ್ಮೆ ಒತ್ತಿದಳು.

ಆವತ್ತೇ ಅವಳಿಗೆ ನಟ್ಟು ಬಿಗಿಯಲು ಕಲಿಸಿದೆ. ಎಷ್ಟೇ ಚೆನ್ನಾಗಿ ಹಾಕಿದರೂ ಮೊದಲ ಸಲ ಗಾಡಿ ನಿಲ್ಲಿಸಿದಾಗ ಇನ್ನೊಮ್ಮೆ ನೋಡಬೇಕು, ಭಾವ ನೋಡುವ ಪೈಕಿ ಅಲ್ಲ, ನೀನೇ ನೋಡು ಅಂದೆ. ಶೆಡ್ಡಿನ ಗೋಡೆ ಪಕ್ಕ ನಿಂತಿದ್ದ ಮನೆ ಮಾಲೀಕರ ಕೆಟ್ಟ ಜೀಪಿನ ಚಕ್ರದ ಮೇಲೆ ಅಭ್ಯಾಸ. ಎದುರುಬದುರು ಬಿಗಿಯಬೇಕು, ಪಕ್ಕಪಕ್ಕದ್ದಲ್ಲ. ಅವಳು ಸ್ಪ್ಯಾನರಿನ ಮೇಲೆ ಒಂದು ಕಾಲಿಟ್ಟು, ಗೋಡೆ ಹಿಡಿದು, ಕುಣಿದ ಹಾಗೆ ಕುಣಿದಳು. ಮದುವೆಯಾದ ಮೇಲೆ ಅವಳು ಹಾಗೆ ಕುಣಿದದ್ದನ್ನು ನಾನು ಕಂಡಿರಲಿಲ್ಲ. ಒಳಗಿನಿಂದ ಭಾವ ಕರೆದರು. ಇಳಿದು, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಶುಕ್ರವಾರಕ್ಕೆ ಬೆಳ್ಳಿ ಬಣ್ಣ ಎರಡು ಕೋಟು ಮುಗಿಯಿತು, ಮೇಲೊಂದು ಹೊಳಪಿನ ಕೋಟು. ಶನಿವಾರ ಬೆಳಿಗ್ಗೆ ಎಲೆ, ಬಿಲ್ಲೆ ಎಲ್ಲ ಕಿತ್ತು, ಗಾಳಿ ತುಂಬಿಸಿ, ನಾಲ್ಕನ್ನೂ ಗೋಡೆಗೆ ಒರಗಿಸಿದೆ. ಹದಿನಾರು ತೂತು, ಹದಿನಾರರ ಸುತ್ತಲೂ ಒಂದು ಉಂಗುರದಷ್ಟು ಬರೀ ಕಬ್ಬಿಣ. ಸಂಜೆ ಬಂದು ಹಾಕುತ್ತೇನೆ ಅಂತ ಅಂಗಡಿಗೆ ಹೋದೆ.

ಸಂಜೆ ಬಂದರೆ ಕಾರು ನಾಲ್ಕೂ ಚಕ್ರದ ಮೇಲೆ ನೆಲಕ್ಕಿಳಿದು ನಿಂತಿತ್ತು. ಡಬ್ಬಗಳನ್ನು ಹೇರಿ ಆಗಿತ್ತು. ಭಾವನ ಆಫೀಸಿನ ಡ್ರೈವರ್ ಬಂದು ಚಕ್ರ ಹಾಕಿಕೊಟ್ಟನಂತೆ. ನಾನು ಬಗ್ಗಿ ನೋಡಿದೆ. ನಟ್ಟಿನ ಸುತ್ತ ಉಂಗುರಗಳಿರಲಿಲ್ಲ. ಬೆಳ್ಳಿ ಬಣ್ಣ ದಪ್ಪನಾಗಿ ನಟ್ಟಿನ ಬುಡದವರೆಗೂ ತುಂಬಿ, ಒಂದೆರಡು ಕಡೆ ಹರಿದು ಹನಿಯಾಗಿ ನಿಂತಿತ್ತು. ಬೆರಳಿಟ್ಟರೆ ಇನ್ನೂ ಅಂಟು.

ಭಾವ ಒಳಗಿನಿಂದ ಬಂದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವಿತ್ತು. ನೀನು ಅಲ್ಲಲ್ಲಿ ಬಿಟ್ಟಿದ್ದೆಯಲ್ಲ, ಚಕ್ರ ಹಾಕುವ ಮುಂಚೆ ಡಬ್ಬಿಯಲ್ಲಿ ಉಳಿದ ಬಣ್ಣ ಬಳಿದು ನಾನೇ ಮುಗಿಸಿದೆ, ಅಂತೂ ನನ್ನ ಕೈ ಬೀಳಬೇಕಾಯಿತು ನೋಡು ಅಂದರು. ಅಲ್ಲಿಗೆ ಬಣ್ಣ ಹಾಕಬಾರದು ಭಾವ, ತೆಗೆಯಬೇಕು ಅಂದೆ. ಅವರು ಕೇಳಿಸಿಕೊಳ್ಳಲೂ ಇಲ್ಲ. ಡ್ರೈವರ್ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಲವಾಗಿ ಬಿಗಿದಿದ್ದಾನೆ, ಇಪ್ಪತ್ತು ವರ್ಷದ ಅನುಭವ ಅವನದು, ಬೆಳಿಗ್ಗೆ ಏಳಕ್ಕೆ ಹೊರಡೋದು, ನೀನಿನ್ನು ಮುಟ್ಟಬೇಡ ಅಂತ ಹೇಳಿ ಒಳಗೆ ಹೋದರು. ಅಕ್ಕ ಹಿಂದಿನ ಕೋಣೆಯಲ್ಲಿ ಏನನ್ನೋ ಸುತ್ತಿಡುತ್ತಿದ್ದಳು.

ನಾನು ಅಂಗಡಿಯ ಕೋಣೆಗೆ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಏನೇನು ಬಂತೋ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಳಚಲಿ ಅಂದುಕೊಂಡೆ. ನಡುದಾರಿಯಲ್ಲಿ ಚಕ್ರ ಕಳಚಿ ಗದ್ದೆಯೊಳಗೆ ಓಡಲಿ, ಭಾವ ಅದರ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಲಿ. ಬೊಜ್ಜಿನವನಿಗೆ ಫೋನು ಮಾಡಿ ಆಟೋ ಹೇಗೆ ಓಡುತ್ತಿದೆ ಅಂತ ಹೇಳಲಿ. ಈ ಚಿತ್ರ ನೋಡಿ ನೋಡಿ ನಗುತ್ತಿದ್ದವನಿಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಪಕ್ಕದ ಸೀಟು ಕಂಡಿತು. ಅದರಲ್ಲಿ ಅಕ್ಕ ಕೂತಿದ್ದಳು.

ಬೆಳಕು ಹರಿಯುವಾಗ ಸ್ಪ್ಯಾನರು, ಜ್ಯಾಕು, ಚಾಕು, ಥಿನ್ನರ್ ಬಾಟ್ಲಿ ತೆಗೆದುಕೊಂಡು ಹೋದೆ. ಯಾರನ್ನೂ ಎಬ್ಬಿಸಲಿಲ್ಲ. ಒಂದೊಂದೇ ಚಕ್ರ ಬಿಚ್ಚಿ ನಟ್ಟಿನ ಬಾಯಿಯ ಬಣ್ಣ ಕೆರೆದೆ. ಅದು ಗಟ್ಟಿಯಾಗಿರಲಿಲ್ಲ, ಚೂಯಿಂಗ್ ಗಮ್ಮಿನ ಹಾಗೆ ಎದ್ದು ಬರುತ್ತಿತ್ತು. ಹಿಂದಿನ ಎಡಚಕ್ರದ ಒಂದು ನಟ್ಟು ಕೈಯಲ್ಲೇ ತಿರುಗಿತು. ಕಾರು ಇನ್ನೂ ಒಂದು ಗಜ ಓಡಿರಲಿಲ್ಲ. ಆತುರದಲ್ಲಿ ಚಾಕು ಜಾರಿ ನನ್ನದೇ ಹೊಳಪಿನ ಮೇಲೆ ಗೀರು ಬಿತ್ತು, ಒಂದಲ್ಲ, ಹತ್ತು ಕಡೆ. ಥಿನ್ನರ್ ಹನಿಸಿ ಒರೆಸಿದಲ್ಲಿ ಸುತ್ತಲಿನ ಬಣ್ಣವೂ ಮಸುಕಾಯಿತು. ವಾರದ ಕೆಲಸವನ್ನು ನನ್ನ ಕೈಯಾರೆ ಕೆಡಿಸುತ್ತಿದ್ದೆ.

ಮೂರು ಮುಗಿದು ನಾಲ್ಕನೆಯದರ ಕೊನೆಯ ನಟ್ಟುಗಳಿಗೆ ಬಂದಾಗ ಬಾಗಿಲು ತೆರೆಯಿತು. ಬೀಳ್ಕೊಡಲು ಆಫೀಸಿನವರೂ ಬಂದಿದ್ದರು, ಅಕ್ಕಪಕ್ಕದ ಮನೆಯವರೂ ಬಂದಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದರು. ಪ್ರತಿ ಚಕ್ರದ ಎದುರೂ ನಿಂತರು.

"ನೋಡಿ ಸ್ವಾಮೀ," ಅಂದರು ಎಲ್ಲರಿಗೂ. "ಇವನು ಮುಗಿಸಲ್ಲ ಅಂದಿದ್ದೆ. ನಾನು ಮುಗಿಸಿಕೊಟ್ಟರೆ ಅದನ್ನೂ ಕೆರೆದು ಹಾಕಿದ್ದಾನೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ."

ಈ ಸಲ ಯಾರೂ ನಗಲಿಲ್ಲ. ನಗದಿದ್ದದ್ದೇ ಹೆಚ್ಚು ಚುಚ್ಚಿತು. ಬೊಜ್ಜಿನವನು ನನ್ನನ್ನು ನೋಡಿ, ಪಾಪ ಅನ್ನುವ ಹಾಗೆ ನಾಲಿಗೆ ಲೊಚಗುಟ್ಟಿದ. ನಾನು ಕೊನೆಯ ನಟ್ಟನ್ನು ಬಿಗಿದೆ, ಎದುರಿನದನ್ನು ಇನ್ನೊಮ್ಮೆ ನೋಡಿದೆ, ಜ್ಯಾಕ್ ಇಳಿಸಿದೆ. ಅಕ್ಕ ಮೆಟ್ಟಿಲಿನಿಂದ ಇಳಿದು ಬಂದು ಬಗ್ಗಿದಳು. ನಟ್ಟಿನ ಸುತ್ತಲಿನ ಬರೀ ಕಬ್ಬಿಣದ ಉಂಗುರವನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. ತಲೆಯೆತ್ತಿ ಗಂಡನ ಮುಖ ನೋಡಿದಳು, ಸುತ್ತ ನಿಂತವರನ್ನು ನೋಡಿದಳು, ತುಟಿ ಬಿಗಿಹಿಡಿದಳು.

ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಡಿಕ್ಕಿಗೆ ಹಾಕಲಿಲ್ಲ. ಮುಂದಿನ ಬಾಗಿಲು ತೆಗೆದು ತನ್ನ ಸೀಟಿನ ಕೆಳಗೆ, ಕಾಲಿಗೆ ತಾಗುವ ಹಾಗೆ ಇಟ್ಟಳು.

"ಬಾಯಲ್ಲಿ ಏನಿಟ್ಕೊಂಡಿದ್ದೀಯೋ?" ಅಂದರು ಭಾವ. "ಯಾವಾಗಲೂ ಒಂದಕ್ಕೆ ಎರಡು ಅಂತೀಯಲ್ಲ. ಯಾಕೆ ಕೆರೆದೆ, ಹೇಳು ಇವರೆಲ್ಲರ ಮುಂದೆ."

ಹೇಳಲು ಎರಡು ಮಾತು ಸಾಕಾಗಿತ್ತು. ಆ ಎರಡು ಮಾತಿಗೆ ಭಾವನ ಮುಖ ಹೇಗಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಒಂಬತ್ತು ತಾಸಿನ ದಾರಿ, ಗಾಜು ಏರಿಸಿದ ಕಾರು, ಅದರೊಳಗೆ ಅವರಿಬ್ಬರೇ. ಅದಾದ ಮೇಲೆ ಅವಳಿಗೆ ಗುರುತಿನವರು ಒಬ್ಬರೂ ಇಲ್ಲದ ಊರು. ಅಲ್ಲಿ ಎಷ್ಟು ದಿನ ಪಾತ್ರೆಗಳು ಮಾತ್ರ ಸದ್ದು ಮಾಡುತ್ತವೋ ಯಾರು ಬಲ್ಲರು.

ಜ್ಯಾಕನ್ನು ಹೆಗಲಿಗೆ ಹಾಕಿಕೊಂಡೆ. ಥಿನ್ನರಿನ ಬಾಟ್ಲಿಯ ಮುಚ್ಚಳ ತಿರುವಿದೆ. ಭಾವ ಇನ್ನೂ ಕಾಯುತ್ತಿದ್ದರು, ಎಲ್ಲರೂ ಕಾಯುತ್ತಿದ್ದರು. ಅಕ್ಕ ಮಾತ್ರ ಕಾರಿನೊಳಗೆ ಕೂತು ನೇರ ಮುಂದಕ್ಕೆ ನೋಡುತ್ತಿದ್ದಳು.

ನಾನು ಅವರ ನಡುವಿನಿಂದಲೇ ದಾರಿ ಮಾಡಿಕೊಂಡು ಬೀದಿಗಿಳಿದು ಅಂಗಡಿಯ ಕಡೆ ನಡೆದೆ.